ಗೋಕುಲ ರೋಡಿನಿಂದ ಗೋಕುಲ ಶಿರಗಾಂವಕ್ಕೆ

1956ರ ನವೆಂಬರ್ 1ರ ಬೆಳಿಗ್ಗೆ ಹುಬ್ಬಳ್ಳಿ ಪ್ಯಾಟಿಯ ವ್ಯಾಪಾರಿಗಳೆಲ್ಲ ಒಂದು ರಾಜ್ಯ ಬಿಟ್ಟು ಇನ್ನೊಂದು ರಾಜ್ಯಕ್ಕೆ ಹೋಗಿಬಿಟ್ಟಿದ್ದರು. ಯಾರೂ ಒಂದು ಚೀಲ ಎತ್ತಿರಲಿಲ್ಲ, ಒಂದು ತಕ್ಕಡಿ ಕದಲಿಸಿರಲಿಲ್ಲ. ಹಿಂದಿನ ರಾತ್ರಿ ಮುಂಬಯಿ ರಾಜ್ಯದಲ್ಲಿ ಬೀಗ ಹಾಕಿದ ಅಂಗಡಿಯನ್ನು ಬೆಳಿಗ್ಗೆ ಮೈಸೂರು ರಾಜ್ಯದಲ್ಲಿ ತೆರೆದರು, ಅಷ್ಟೆ. ಹಾಗಾದರೆ ಮಾರಾಟ ತೆರಿಗೆ? ಅದಕ್ಕೂ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 119ನೇ ಕಲಮು ಮೊದಲೇ ದಾರಿ ಮಾಡಿಟ್ಟಿತ್ತು: ಯಾವ ಪ್ರದೇಶದಲ್ಲಿ ಯಾವ ಕಾನೂನು ಇತ್ತೋ, ಬದಲಿಸುವವರೆಗೆ ಅದೇ ಇರಲಿ. ಹೀಗಾಗಿ 1957ರ ಅಕ್ಟೋಬರ್ 1ಕ್ಕೆ ಮೈಸೂರು ಮಾರಾಟ ತೆರಿಗೆ ಕಾಯ್ದೆ ಜಾರಿಗೆ ಬರುವ ತನಕ, ಹನ್ನೊಂದು ತಿಂಗಳು, ಧಾರವಾಡ ಜಿಲ್ಲೆಯ ವ್ಯಾಪಾರಿ ಮೈಸೂರಿನಲ್ಲಿದ್ದುಕೊಂಡೇ ಮುಂಬಯಿಯ 1953ರ ಕಾಯ್ದೆಯಂತೆ ತೆರಿಗೆ ಕಟ್ಟಿದ. ಮಂಗಳೂರಿನವನಿಗೆ ಮದರಾಸಿನ ಕಾನೂನು, ಕಲಬುರಗಿಯವನಿಗೆ ಹೈದರಾಬಾದಿನದು. ಗೋಜಲು ನಿಜ. ಆದರೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದ ಕಾರಣಕ್ಕೆ ಯಾರ ಖಾತೆಯನ್ನೂ ಯಾರೂ ಮುಚ್ಚಿಸಲಿಲ್ಲ.

ಸರಕಾರವೇ ಗಡಿ ಸರಿಸಿದಾಗ ಇದ್ದ ಆ ತಾಳ್ಮೆ, ವ್ಯಾಪಾರಿ ತಾನಾಗಿ ಗಡಿ ದಾಟಿದಾಗ ಇಂದಿನ ಕಾನೂನಿಗೆ ಇಲ್ಲ.

ಹುಬ್ಬಳ್ಳಿಯ ಗೋಕುಲ ರೋಡಿನ ಕೈಗಾರಿಕಾ ವಸಾಹತಿನಲ್ಲಿ ಎರಡು ಲೇಥು, ಒಂದು ಮಿಲ್ಲಿಂಗ್ ಯಂತ್ರ, ಐದಾರು ಹುಡುಗರನ್ನು ಇಟ್ಟುಕೊಂಡ ಒಂದು ವರ್ಕ್‌ಶಾಪನ್ನು ಕಲ್ಪಿಸಿಕೊಳ್ಳಬಹುದು. ಕಾಸ್ಟಿಂಗ್ ಬರುವುದು ಕೊಲ್ಲಾಪುರದ ಫೌಂಡ್ರಿಗಳಿಂದ, ಕೆಲಸ ಮುಗಿದ ಮಾಲು ಹೋಗುವುದೂ ಬಹುಪಾಲು ಅಲ್ಲಿಗೇ. ಹೋಗಿ ಬರುವ ಟೆಂಪೊ ಬಾಡಿಗೆಯಲ್ಲೇ ಲಾಭ ಕರಗುತ್ತದೆ. ಮಾಲೀಕ ಒಂದು ದಿನ ನಿರ್ಧಾರ ಮಾಡುತ್ತಾನೆ: ಕೊಲ್ಲಾಪುರದ ಗೋಕುಲ ಶಿರಗಾಂವಕ್ಕೇ ಹೋಗಿಬಿಡೋಣ. ಗೋಕುಲದಿಂದ ಗೋಕುಲಕ್ಕೆ, ಹೆದ್ದಾರಿಯಲ್ಲಿ ಸುಮಾರು 200 ಕಿಲೋಮೀಟರ್. ಬೆಳಗಾವಿ, ಸಂಕೇಶ್ವರ, ನಿಪ್ಪಾಣಿ, ಕೊಗನೊಳಿ ಟೋಲ್ ನಾಕಾ, ಅದನ್ನು ದಾಟಿದರೆ ಕಾಗಲ್. ಲೆಕ್ಕ ಬರೆಯುವವರ ಹತ್ತಿರ ಹೋಗಿ, ‘ಜಿಎಸ್‌ಟಿ ಒಳಗ ಅಡ್ರೆಸ್ ಚೇಂಜ್ ಮಾಡಿಬಿಡ್ರಿ’ ಅನ್ನುತ್ತಾನೆ. ಅವರು ತಲೆ ಅಲ್ಲಾಡಿಸುತ್ತಾರೆ. ‘ಅಡ್ರೆಸ್ ಚೇಂಜ್ ಆಗೂದಿಲ್ಲರೀ. ಈ ನಂಬರ್ ಬಂದ್ ಮಾಡಬೇಕು, ಅಲ್ಲಿ ಹೊಸಾದು ತಗೋಬೇಕು.’

ನಂಬರಿನ ಮೊದಲ ಎರಡು ಅಂಕಿಗಳಲ್ಲೇ ಎಲ್ಲ ಇದೆ. ಹದಿನೈದು ಅಕ್ಷರಗಳ ಜಿಎಸ್‌ಟಿ ನಂಬರಿನಲ್ಲಿ ನಡುವಿನ ಹತ್ತು ಪ್ಯಾನ್ ನಂಬರು. ಅದು ಮನುಷ್ಯನಿಗೆ ಅಂಟಿದ್ದು, ಎಲ್ಲಿಗೆ ಹೋದರೂ ಜೊತೆಗೆ ಬರುತ್ತದೆ. ಮೊದಲ ಎರಡು ಮಣ್ಣಿಗೆ ಅಂಟಿದ್ದು: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ಗೋವಾಕ್ಕೆ 30, ಕೇರಳಕ್ಕೆ 32. ಇದೇ ವರ್ಕ್‌ಶಾಪು 400 ಕಿಲೋಮೀಟರಿಗೂ ಮಿಕ್ಕಿ ದೂರದ ಬೀದರಿಗೆ ಹೋಗಿದ್ದರೆ ಒಂದು ತಿದ್ದುಪಡಿ ಅರ್ಜಿ ಸಾಕಾಗುತ್ತಿತ್ತು. ಅದರ ಅರ್ಧ ದೂರದ ಕೊಲ್ಲಾಪುರಕ್ಕೆ ಹೋಗಲು ಒಂದು ಸಾವು, ಒಂದು ಹುಟ್ಟು ಬೇಕು.

ರಾಜ್ಯವಾರು ನೋಂದಣಿಯೇ ತಪ್ಪು ಎಂದು ಇಲ್ಲಿ ವಾದಿಸುತ್ತಿಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ರಾಜ್ಯಗಳು ತಮ್ಮ ತೆರಿಗೆ ಹಾಕುವ ಅಧಿಕಾರವನ್ನು ಬಿಟ್ಟುಕೊಡಲಿಲ್ಲ, ಹಂಚಿಕೊಂಡವು. ಸಂವಿಧಾನದ 246ಎ ವಿಧಿಯಲ್ಲಿ ಆ ಅಧಿಕಾರ ಹಾಗೆಯೇ ಇದೆ. ಮಾಲು ಎಲ್ಲಿ ಬಳಕೆಯಾಗುತ್ತದೋ ತೆರಿಗೆ ಆ ರಾಜ್ಯಕ್ಕೆ ಎಂಬುದು ಈ ವ್ಯವಸ್ಥೆಯ ಜೀವ. ಯಾವ ಅಂಗಡಿ ಯಾವ ರಾಜ್ಯದಲ್ಲಿದೆ ಎಂಬುದೇ ಗೊತ್ತಿಲ್ಲದಿದ್ದರೆ ಆ ಲೆಕ್ಕ ನಿಲ್ಲುವುದಿಲ್ಲ. ಇದರಿಂದ ಒಂದು ಒಳ್ಳೆಯದೂ ಆಗಿದೆ. ಮೊದಲು ರಾಜ್ಯಗಳು ಮಾರಾಟ ತೆರಿಗೆ ವಿನಾಯಿತಿ ತೋರಿಸಿ ಒಂದರ ಕಾರ್ಖಾನೆ ಇನ್ನೊಂದು ಎಳೆದುಕೊಳ್ಳುತ್ತಿದ್ದವು. ಆ ಪೈಪೋಟಿ ಮಿತಿಮೀರಿದ್ದರಿಂದಲೇ 2000ದ ಜನವರಿಯಿಂದ ಏಕರೂಪದ ಕನಿಷ್ಠ ದರಗಳಿಗೆ ಒಪ್ಪಿಕೊಳ್ಳಬೇಕಾಯಿತು. ಈಗ ತೆರಿಗೆ ದರಕ್ಕಾಗಿ ಯಾರೂ ಊರು ಬಿಡಬೇಕಿಲ್ಲ. ಬಿಡುವವರು ಬೇರೆ ಕಾರಣಕ್ಕೆ ಬಿಡುತ್ತಾರೆ. 2013ರ ಸುಮಾರಿಗೆ ಕೊಲ್ಲಾಪುರದ ಉದ್ಯಮಿಗಳೇ ಮಹಾರಾಷ್ಟ್ರದ ಕರೆಂಟ್ ದರಕ್ಕೆ ರೋಸಿ ಕರ್ನಾಟಕಕ್ಕೆ ಹೊರಟು ನಿಂತಿದ್ದರು, ಕರ್ನಾಟಕವೂ ಗಡಿಯ ಈಚೆ ಜಾಗ ಕೊಡುವ ಮಾತಾಡಿತ್ತು. ಗಾಳಿ ಎರಡೂ ಕಡೆಗೆ ಬೀಸುತ್ತದೆ. ಹೀಗೆ ಹೋಗುವವನಿಗೆ ಕಾನೂನು ದಂಡ ಹಾಕಬಾರದು ಎಂಬಷ್ಟೇ ತಕರಾರು.

ದಂಡ ಎಂಬ ಮಾತು ದೊಡ್ಡದಾಯಿತೇ? ಲೆಕ್ಕ ಹಾಕಿ ನೋಡಬಹುದು.

ಮೇಲಿನ ವರ್ಕ್‌ಶಾಪಿನವನು ಎರಡು ವರ್ಷದ ಹಿಂದೆ 10 ಲಕ್ಷ ರೂಪಾಯಿಯ ಯಂತ್ರ ಕೊಂಡಿದ್ದ ಎನ್ನೋಣ. ಶೇ 18ರಂತೆ 1,80,000 ಜಿಎಸ್‌ಟಿ ಕಟ್ಟಿ ಅದರ ‘ಇನ್‌ಪುಟ್’, ಅಂದರೆ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಮಾರುವಾಗಿನ ತೆರಿಗೆಯಲ್ಲಿ ಮುರಿದುಕೊಳ್ಳುವ ಕ್ರೆಡಿಟ್, ತೆಗೆದುಕೊಂಡಿದ್ದ. ಷೆಡ್ಡಿನಲ್ಲಿ 5 ಲಕ್ಷದ ಕಚ್ಚಾ ಮಾಲೂ ಇದೆ, ಅದರ ಮೇಲಿನ ಇನ್‌ಪುಟ್ 90,000. ಈಗ ಅವನು ನೇರ ಸ್ವಭಾವದವನಂತೆ ಮೊದಲು ಹುಬ್ಬಳ್ಳಿಯ ನಂಬರ್ ರದ್ದು ಮಾಡಿಸುತ್ತಾನೆ. ಜಿಎಸ್‌ಟಿ ಕಾಯ್ದೆಯ 29(5)ನೇ ಕಲಮು ಹೇಳುವುದು: ರದ್ದಾಗುವ ಹೊತ್ತಿಗೆ ಉಳಿದಿರುವ ಮಾಲಿನ ಇನ್‌ಪುಟ್ ವಾಪಸ್ ಕಟ್ಟು, ಯಂತ್ರಕ್ಕೆ ಐದು ವರ್ಷ ಆಯುಷ್ಯ ಎಂದು ಹಿಡಿದು, ಉಳಿದ ತಿಂಗಳುಗಳ ಪಾಲು ಕಟ್ಟು. ಅರವತ್ತು ತಿಂಗಳಲ್ಲಿ ಮೂವತ್ತಾರು ಬಾಕಿ, 1,08,000. ಮಾಲಿನದು 90,000. ಒಟ್ಟು 1,98,000 ರೂಪಾಯಿ. ಖಾತೆಯಲ್ಲಿ ಇನ್‌ಪುಟ್ ಇದ್ದರೆ ಅದರಿಂದ ಹೋಯಿತು, ಇಲ್ಲದಿದ್ದರೆ ಕೈಯಿಂದ. ಅಷ್ಟು ಮುರಿದ ಮೇಲೂ ಖಾತೆಯಲ್ಲಿ ಏನಾದರೂ ಉಳಿದರೆ ಅದನ್ನು ನಗದಾಗಿ ವಾಪಸ್ ಕೇಳಲು ಕಾಯ್ದೆಯ ಬರಹದಲ್ಲಿ ಅವಕಾಶವಿಲ್ಲ. 54(3)ನೇ ಕಲಮು ಮರುಪಾವತಿಗೆ ಎರಡೇ ಸಂದರ್ಭ ಹೆಸರಿಸುತ್ತದೆ, ರಫ್ತಿನಂಥ ಶೂನ್ಯ ದರದ ಪೂರೈಕೆ ಮತ್ತು ಕೊಳ್ಳುವ ಮಾಲಿಗೆ ಹೆಚ್ಚು ದರ ಮಾರುವ ಮಾಲಿಗೆ ಕಡಿಮೆ ದರ ಇರುವಂಥದ್ದು. ಹಳೆಯ ಅಬಕಾರಿ ಸುಂಕದ ಕಾಲದಲ್ಲಿ, 2006ರಲ್ಲಿ, ಮುಚ್ಚಿದ ಕಾರ್ಖಾನೆಗೆ ಉಳಿದ ಕ್ರೆಡಿಟ್ಟನ್ನು ನಗದಾಗಿ ಕೊಡಬೇಕೆಂದು ಸ್ಲೊವಾಕ್ ಇಂಡಿಯಾ ಪ್ರಕರಣದಲ್ಲಿ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟೇ. ಹೊಸ ಕಾಯ್ದೆ ಬರೆಯುವಾಗ ಆ ಮಾತು ಯಾರ ಕಿವಿಗೂ ಬಿದ್ದಂತಿಲ್ಲ.

ಪಕ್ಕದ ಷೆಡ್ಡಿನವನು ಸ್ವಲ್ಪ ಚಾಲಾಕು, ಅಥವಾ ಅವನ ಲೆಕ್ಕ ಬರೆಯುವವರು ಚಾಲಾಕು. ಅವನು ಹಳೆ ನಂಬರ್ ಮುಟ್ಟುವುದೇ ಇಲ್ಲ. ಮೊದಲು ಗೋಕುಲ ಶಿರಗಾಂವದ ಬಾಡಿಗೆ ಕರಾರು, ಕರೆಂಟ್ ಬಿಲ್ಲು ಹಚ್ಚಿ 27ರ ನಂಬರ್ ತೆಗೆದುಕೊಳ್ಳುತ್ತಾನೆ. ಕಾನೂನಿನ ಕಣ್ಣಿಗೆ ಈಗ ಒಬ್ಬನೇ ಮನುಷ್ಯ ಇಬ್ಬರಾದ. 25(4)ನೇ ಕಲಮು ಎರಡು ರಾಜ್ಯದ ಎರಡು ನೋಂದಣಿಗಳನ್ನು ಬೇರೆ ಬೇರೆ ವ್ಯಕ್ತಿಗಳೆಂದೇ ಎಣಿಸುತ್ತದೆ. ಇಬ್ಬರಾದ ಮೇಲೆ ವ್ಯಾಪಾರ ಮಾಡಬಹುದಲ್ಲ! ಹುಬ್ಬಳ್ಳಿಯ ಅವನು ಕೊಲ್ಲಾಪುರದ ಅವನಿಗೇ ಬಿಲ್ ಬರೆಯುತ್ತಾನೆ: ಕಚ್ಚಾ ಮಾಲು 5 ಲಕ್ಷ, ಹಳೆ ಯಂತ್ರ 6 ಲಕ್ಷ, ಶೇ 18 ಐಜಿಎಸ್‌ಟಿ (ರಾಜ್ಯ ದಾಟುವ ಮಾಲಿನ ಜಿಎಸ್‌ಟಿ). ಐದರ ಮೇಲೆ 90,000, ಆರರ ಮೇಲೆ 1,08,000. ಒಟ್ಟು ಅದೇ 1,98,000, ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಹುಬ್ಬಳ್ಳಿಯ ಖಾತೆಯಲ್ಲಿದ್ದ ಇನ್‌ಪುಟ್ಟಿನಿಂದ ಅದನ್ನು ತೀರಿಸುತ್ತಾನೆ, ಕೊಲ್ಲಾಪುರದ ಖಾತೆಯಲ್ಲಿ ಅಷ್ಟೂ ಇನ್‌ಪುಟ್ ಆಗಿ ಮತ್ತೆ ಕಾಣಿಸಿಕೊಳ್ಳುತ್ತದೆ. ಐವತ್ತು ಸಾವಿರ ಮೀರಿದ ಮಾಲಾದ್ದರಿಂದ ಒಂದು ಇ-ವೇ ಬಿಲ್ ತೆಗೆದು ಟೆಂಪೊ ಹತ್ತಿಸುತ್ತಾನೆ. ಷೆಡ್ಡು ಖಾಲಿಯಾದ ಮೇಲೆ ಹುಬ್ಬಳ್ಳಿಯ ನಂಬರ್ ಬಂದ್ ಮಾಡಿಸುತ್ತಾನೆ. ವಾಪಸ್ ಕಟ್ಟಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಅದೇ ಯಂತ್ರ, ಅದೇ ಮಾಲು, ಅದೇ ರಸ್ತೆ. ಒಬ್ಬನಿಗೆ ಎರಡು ಲಕ್ಷ ಹೋಯಿತು, ಇನ್ನೊಬ್ಬನಿಗೆ ಏನೂ ಹೋಗಲಿಲ್ಲ. ಇಬ್ಬರ ನಡುವಿನ ವ್ಯತ್ಯಾಸ ಎರಡು ಅರ್ಜಿಗಳಲ್ಲಿ ಯಾವುದನ್ನು ಮೊದಲು ಹಾಕಿದರು ಎಂಬುದು ಮಾತ್ರ. ಸರದಿ ತಪ್ಪಿದವನಿಂದ ಎರಡು ಲಕ್ಷ ವಸೂಲಿ ಮಾಡುವುದರ ಹಿಂದೆ ಯಾವುದಾದರೂ ತೆರಿಗೆ ತತ್ವ ಇದ್ದರೆ ಅದನ್ನು ಹುಡುಕಿ ತೆಗೆಯುವುದು ಕಷ್ಟ.

29(5)ನೇ ಕಲಮಿಗೆ ಅದರದ್ದೇ ಆದ ನ್ಯಾಯವಿದೆ, ಇಲ್ಲವೆನ್ನಲಾಗದು. ಅಂಗಡಿ ಮುಚ್ಚಿದವನು ಇನ್‌ಪುಟ್ ತೆಗೆದುಕೊಂಡ ಮಾಲನ್ನು ಮನೆಗೆ ಒಯ್ದರೆ, ಇಲ್ಲವೇ ಬಿಲ್ಲಿಲ್ಲದೆ ಮಾರಿದರೆ, ಸರಕಾರಕ್ಕೆ ಬರಬೇಕಾದ ತೆರಿಗೆ ಮುಳುಗಿತು. ಅವನಿಂದ ವಾಪಸ್ ಕೇಳುವುದು ಸರಿಯೇ. ಆದರೆ ಮುಚ್ಚಿದವನೂ ಎತ್ತಂಗಡಿ ಮಾಡಿದವನೂ ಒಂದೇ ಅಲ್ಲ, ಮತ್ತು ಕಾನೂನಿಗೆ ಈ ವ್ಯತ್ಯಾಸ ಗೊತ್ತಿಲ್ಲ ಎನ್ನಲೂ ಬರುವುದಿಲ್ಲ. ಒಂದೇ ರಾಜ್ಯದೊಳಗೆ ಇನ್ನೊಂದು ನೋಂದಣಿ ಮಾಡಿಸಿದವನು ಮೂವತ್ತು ದಿನದೊಳಗೆ ಐಟಿಸಿ-02ಎ ನಮೂನೆ ತುಂಬಿದರೆ ಇನ್‌ಪುಟ್ ಅತ್ತ ಸರಿಯುತ್ತದೆ. ಅದಕ್ಕಿಂತ ಸೋಜಿಗದ್ದು ನಗದಿನ ಸಂಗತಿ. 2022ರ ಜುಲೈಯಿಂದ, ಒಂದೇ ಪ್ಯಾನಿನ ಎರಡು ರಾಜ್ಯದ ನಂಬರುಗಳ ನಡುವೆ ನಗದು ಖಾತೆಯ ಸಿಜಿಎಸ್‌ಟಿ (ಕೇಂದ್ರದ ಪಾಲು), ಐಜಿಎಸ್‌ಟಿ ಹಣವನ್ನು ಪಿಎಂಟಿ-09 ನಮೂನೆಯಲ್ಲಿ ದಾಟಿಸಬಹುದು. ಎಡಗಿಸೆಯ ದುಡ್ಡಿಗೆ ಗಡಿಯಿಲ್ಲ, ಬಲಗಿಸೆಯ ಇನ್‌ಪುಟ್ಟಿಗೆ ಮಾತ್ರ ಗಡಿ.

ರಾಜ್ಯದ ಪಾಲು ಹೇಗೆ ಬಿಟ್ಟುಕೊಡುವುದು ಎಂಬ ಆಕ್ಷೇಪ ಏಳುತ್ತದೆ. ಕರ್ನಾಟಕಕ್ಕೆ ಬಂದ ಎಸ್‌ಜಿಎಸ್‌ಟಿ ಮಹಾರಾಷ್ಟ್ರದಲ್ಲಿ ಯಾಕೆ ಖರ್ಚಾಗಬೇಕು? ಚಾಲಾಕಿನವನ ಐಜಿಎಸ್‌ಟಿ ಬಿಲ್ಲಿನಲ್ಲಿ ಆಗುವುದೇ ಅದು. ಕರ್ನಾಟಕದ ಎಸ್‌ಜಿಎಸ್‌ಟಿ ಇನ್‌ಪುಟ್ಟನ್ನು ಐಜಿಎಸ್‌ಟಿ ತೀರಿಸಲು ಬಳಸಿದರೆ ಅಷ್ಟು ಮೊತ್ತವನ್ನು ಕರ್ನಾಟಕ ಕೇಂದ್ರಕ್ಕೆ ಕೊಡುತ್ತದೆ; ಆ ಐಜಿಎಸ್‌ಟಿಯನ್ನು ಕೊಲ್ಲಾಪುರದವನು ಅಲ್ಲಿನ ಎಸ್‌ಜಿಎಸ್‌ಟಿ ಕಟ್ಟಲು ಬಳಸಿದಾಗ ಕೇಂದ್ರ ಮಹಾರಾಷ್ಟ್ರಕ್ಕೆ ಕೊಡುತ್ತದೆ. ರಾಜ್ಯಗಳ ನಡುವೆ ಈ ಕೊಡು-ಕೊಳ್ಳುವಿಕೆ 2017ರಿಂದ ನಡೆದೇ ಇದೆ. ಹೊಸ ಯಂತ್ರ ಕಟ್ಟಬೇಕಿಲ್ಲ, ಇರುವ ಯಂತ್ರಕ್ಕೆ ಒಂದು ಗುಂಡಿ ಸೇರಿಸಿದರೆ ಸಾಕು.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ಕಾಗದದ ಮೇಲಷ್ಟೇ ಇರುವ ಕಂಪನಿಗಳು ಮಾಲಿಲ್ಲದ ಬಿಲ್ ಬರೆದು ಇನ್‌ಪುಟ್ಟನ್ನು ರಾಜ್ಯದಿಂದ ರಾಜ್ಯಕ್ಕೆ ಹಾರಿಸುವುದು ಈ ವ್ಯವಸ್ಥೆಯ ನಿಜವಾದ ಕಾಯಿಲೆ. ದಾರಿ ಸುಗಮ ಮಾಡಿದರೆ ಕಳ್ಳನೂ ಅದೇ ದಾರಿಯಲ್ಲಿ ಬರುತ್ತಾನೆ. ಆದರೆ ಕಳ್ಳನಿಗೆ ಬಿಲ್ಲಿನ ದಾರಿ ಈಗಲೂ ತೆರೆದೇ ಇದೆ; ಸಿಕ್ಕಿಬೀಳುವವನು ಗೊತ್ತಿಲ್ಲದ ಸಾದಾ ಮನುಷ್ಯ. ಅದೇ ಪ್ಯಾನ್, ಅದೇ ಆಧಾರ್, ಹಳೆ ರಾಜ್ಯದಲ್ಲಿ ಬಾಕಿಯಿಲ್ಲ, ಮಾಲು ಸಾಗಿದ್ದಕ್ಕೆ ಇ-ವೇ ಬಿಲ್ ಇದೆ: ಇಷ್ಟು ನೋಡಿ ಇನ್‌ಪುಟ್ ದಾಟಿಸಲು ಬಿಟ್ಟರೆ ಈಗಿನದಕ್ಕಿಂತ ಹೆಚ್ಚೇ ಕಾವಲು ಸಿಕ್ಕಂತಾಯಿತು.

ನ್ಯಾಯಾಲಯ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ. 2025ರಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠದ ಮುಂದೆ ಬಂದದ್ದು ಗೋವಾದ ಕಂಪನಿಯೊಂದು ಮಹಾರಾಷ್ಟ್ರದ ಕಂಪನಿಯಲ್ಲಿ ವಿಲೀನವಾದ ಪ್ರಕರಣ. ಇನ್‌ಪುಟ್ ವರ್ಗಾಯಿಸಲು ಹೋದರೆ ಇಬ್ಬರೂ ಒಂದೇ ರಾಜ್ಯದವರಾಗಿರಬೇಕೆಂದು ಪೋರ್ಟಲ್ ಅಡ್ಡಗಟ್ಟಿತ್ತು. ಕಾಯ್ದೆಯ 18(3)ನೇ ಕಲಮಿನಲ್ಲಿ ಅಂಥ ಷರತ್ತೇ ಇಲ್ಲವೆಂದು ಪೀಠ ಸಿಜಿಎಸ್‌ಟಿ, ಐಜಿಎಸ್‌ಟಿ ವರ್ಗಾವಣೆಗೆ ಅನುಮತಿ ಕೊಟ್ಟಿತು. ಅಂದರೆ ಗಡಿ ಇದ್ದದ್ದು ಶಾಸನದಲ್ಲಲ್ಲ, ಕಂಪ್ಯೂಟರಿನಲ್ಲಿ. ಒಳ್ಳೆಯ ತೀರ್ಪು. ಆದರೆ ಎರಡು ಲಕ್ಷಕ್ಕಾಗಿ ಹೈಕೋರ್ಟಿನ ಮೆಟ್ಟಿಲು ಹತ್ತುವ ಲೇಥಿನವನು ಯಾವ ಊರಲ್ಲಿದ್ದಾನೆ? ವಕೀಲರ ಫೀಸಿಗೇ ಅದು ಸರಿಹೋಗುತ್ತದೆ.

ಸಣ್ಣವನಿಗೆಂದೇ ಮಾಡಿದ ಸವಲತ್ತು ಇಲ್ಲಿ ಸಣ್ಣವನಿಗೇ ಅಡ್ಡ ಬರುವುದು ಇನ್ನೊಂದು ವಿಪರ್ಯಾಸ. ವರ್ಷಕ್ಕೆ ಒಂದೂವರೆ ಕೋಟಿಯೊಳಗಿನ ವಹಿವಾಟಿನವರು ಕಾಂಪೋಸಿಷನ್ ಯೋಜನೆಯಲ್ಲಿ ಸೇರಿ ಸರಳವಾಗಿ ತೆರಿಗೆ ಕಟ್ಟಬಹುದು. ಅದರ ಷರತ್ತು, ಹೊರ ರಾಜ್ಯಕ್ಕೆ ಮಾಲು ಮಾರುವಂತಿಲ್ಲ. ತನ್ನ ಮಾಲನ್ನು ತನ್ನದೇ ಹೊಸ ಅಂಗಡಿಗೆ ಬಿಲ್ ಬರೆದು ಕಳಿಸಿದರೂ ಅದು ‘ಹೊರ ರಾಜ್ಯದ ಪೂರೈಕೆ’ಯೇ ಆಗುತ್ತದೆ. ಹಾಗಾಗಿ ಯೋಜನೆ ಬಿಟ್ಟು ಹೊರಬರದೆ ಅವನು ಚಾಲಾಕಿನವನ ದಾರಿ ಹಿಡಿಯುವಂತಿಲ್ಲ. ಹೊಸ ರಾಜ್ಯದಲ್ಲಿ 40 ಲಕ್ಷದ ಮಿತಿ ದಾಟುವವರೆಗೆ ನೋಂದಣಿ ಬೇಡವೆಂದು ನಂಬಿ ಕೂತವರೂ ಮೋಸ ಹೋಗುತ್ತಾರೆ. ಮಿತಿಯನ್ನು ಎಣಿಸುವುದು ರಾಜ್ಯವಾರು ಅಲ್ಲ, ಪ್ಯಾನ್ ಹಿಡಿದು ಇಡೀ ದೇಶಕ್ಕೆ. ಮಾಲಿನ ವ್ಯಾಪಾರಿ ಗಡಿಯಾಚೆ ಮಾರಿದರಂತೂ ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ಕಾಸರಗೋಡಿನ ಕನ್ನಡ ಅಂಗಡಿಯವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1956ರ ಅದೇ ನವೆಂಬರ್ 1ಕ್ಕೆ ಅವನೂ ಕದಲದೆಯೇ ಕೇರಳ ಸೇರಿದವನು. ಮಂಗಳೂರು ಅವನಿಗೆ ಹತ್ತಿರದ ಪೇಟೆ. ಅಲ್ಲಿಗೆ ಒಂದು ಪೆಟ್ಟಿಗೆ ಮಾಲು ಮಾರಿದರೂ 32ರ ನಂಬರು ಕೈಯಲ್ಲಿರಬೇಕು.

ಜಿಎಸ್‌ಟಿ ಒಂದಾದರೆ ಉಳಿದವು ಹತ್ತು. ವೃತ್ತಿ ತೆರಿಗೆ ರಾಜ್ಯದ್ದು. ಸಂವಿಧಾನ 1988ರಿಂದ ಅದಕ್ಕೆ ವರ್ಷಕ್ಕೆ 2500 ರೂಪಾಯಿಯ ಮಿತಿ ಹಾಕಿ ಇಟ್ಟಿದೆ. ಕರ್ನಾಟಕದ ನೋಂದಣಿಯನ್ನು ಬೇರೆ ಅರ್ಜಿ ಹಾಕಿ ರದ್ದು ಮಾಡಿಸದಿದ್ದರೆ ಪ್ರತಿ ಏಪ್ರಿಲ್ 30ಕ್ಕೆ ಬಾಕಿ ಏರುತ್ತಲೇ ಹೋಗುತ್ತದೆ, ಅತ್ತ ಮಹಾರಾಷ್ಟ್ರವೂ ಅದನ್ನೇ ಕೇಳುತ್ತದೆ. ಅಂಗಡಿ ಕಾಯ್ದೆಯ ನೋಂದಣಿ, ಮಹಾನಗರ ಪಾಲಿಕೆಯ ಟ್ರೇಡ್ ಲೈಸೆನ್ಸು, ಎಲ್ಲ ಹೊಸದು. ಕೆಎ-63ರ ಟೆಂಪೊ ಹನ್ನೆರಡು ತಿಂಗಳು ಮೀರಿ ಅಲ್ಲೇ ನಿಂತರೆ ಹುಬ್ಬಳ್ಳಿ ಆರ್‌ಟಿಒದಿಂದ ಎನ್‌ಒಸಿ ತಂದು ಎಂಎಚ್-09 ಆಗಬೇಕು, ಅಲ್ಲಿ ತೆರಿಗೆ ಕಟ್ಟಿ ಇಲ್ಲಿಯದನ್ನು ವಾಪಸ್ ಕೇಳಬೇಕು. ಬದಲಾಗದೆ ಉಳಿಯುವುದು ಆದಾಯ ತೆರಿಗೆಯೊಂದೇ. ಅದು ಕೇಂದ್ರದ್ದು, ವಿಳಾಸ ತಿದ್ದಿದರೆ ಮುಗಿಯಿತು.

ಕೆಲವಕ್ಕೆ ಎತ್ತಂಗಡಿಯೇ ಇಲ್ಲ. ಧಾರವಾಡ ಪೇಡೆಗೆ ಭೌಗೋಳಿಕ ಸೂಚಿಯ ಮುದ್ರೆ ಇದೆ. ಮಾಡುವವನು ಕೊಲ್ಲಾಪುರಕ್ಕೆ ಹೋಗಿ ಅದೇ ಕಡಾಯಿಯಲ್ಲಿ ಅದೇ ಖವಾ ತಿರುವಿದರೂ ಡಬ್ಬಿಯ ಮೇಲೆ ಆ ಹೆಸರು ಬರೆಯುವಂತಿಲ್ಲ. ಅದೇ ಪೇಡೆಯ ಠಾಕೂರ್ ಮನೆತನ ಪ್ಲೇಗಿಗೆ ಹೆದರಿ ಉತ್ತರದ ಉನ್ನಾವದಿಂದ ಧಾರವಾಡಕ್ಕೆ ಬಂದದ್ದು ಎಂದು ಊರಿನವರು ಹೇಳುತ್ತಾರೆ. ರಾಜ್ಯ ದಾಟಿ ಬಂದ ಕಸಬೇ ಊರಿನ ಹೆಸರಾಯಿತು. ಆಗ ಯಾರೂ ಅವರ ಹಳೆ ನಂಬರ್ ಕೇಳಲಿಲ್ಲ.

ಹುಬ್ಬಳ್ಳಿಯಲ್ಲಿ ವ್ಯಾಪಾರಿಗಳ ಸಂಘಟನೆಗೇನೂ ಕೊರತೆಯಿಲ್ಲ, ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಇಲ್ಲಿ 1928ರಿಂದ ಇದೆ. ಜಿಎಸ್‌ಟಿ ಮಂಡಳಿಯ ಮುಂದೆ ದರ ಇಳಿಸಿ ಎಂಬ ಮನವಿಗಳು ಎಲ್ಲ ಊರುಗಳಿಂದಲೂ ಹೋಗುತ್ತವೆ. ಇನ್‌ಪುಟ್ಟಿಗೂ ಪಿಎಂಟಿ-09ರಂಥ ಒಂದು ನಮೂನೆ ಕೊಡಿ ಎಂದು ಗಡಿ ಜಿಲ್ಲೆಗಳ ಪರವಾಗಿ ಕೇಳಲು ಈ ಊರಿಗಿಂತ ಹಕ್ಕುದಾರ ಊರು ಇನ್ನೊಂದಿಲ್ಲ. ದರ ಇಳಿಸಿದರೆ ಖಜಾನೆಗೆ ಕೊರತೆ, ಇದರಿಂದ ಖಜಾನೆಗೆ ಆಗುವ ನಷ್ಟ ಏನೂ ಇಲ್ಲ. ನೋಂದಣಿಯ ಮಟ್ಟಿಗೆ ಮಂಡಳಿ ಮನಸ್ಸು ಮಾಡಿದ್ದೂ ಇದೆ. 2025ರ ನವೆಂಬರಿನಿಂದ ಸಣ್ಣ ವ್ಯಾಪಾರಿಗಳಿಗೆ ಮೂರು ಕೆಲಸದ ದಿನಗಳಲ್ಲಿ ಹೊಸ ನಂಬರ್ ಕೊಡುವ ವ್ಯವಸ್ಥೆ ಬಂದಿದೆ. ಹುಟ್ಟು ಸಲೀಸಾಗಿದೆ, ಸಾವು ಮಾತ್ರ ಹಾಗೇ ಇದೆ.

ಸಾವೂ ಪೂರ್ತಿ ಸಾವಲ್ಲ. ನಂಬರ್ ರದ್ದಾದ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಕೊನೆಯ ರಿಟರ್ನ್ ಹಾಕಬೇಕು, ತಪ್ಪಿದರೆ ದಿನಕ್ಕೆ 200 ರೂಪಾಯಿಯಂತೆ 10,000ದವರೆಗೆ ದಂಡ. ಹಳೆಯ ವರ್ಷಗಳ ಹೊಣೆ ರದ್ದತಿಯಿಂದ ಹೋಗುವುದಿಲ್ಲ. ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಜೋಪಾನ ಮಾಡಿರಬೇಕು. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಎಷ್ಟು ಹಿಂದಕ್ಕೆ ನೋಡಬಲ್ಲದು ಎಂಬುದನ್ನು 2025ರ ಜುಲೈಯಲ್ಲಿ ಎಲ್ಲರೂ ಕಂಡರು. ಹುಬ್ಬಳ್ಳಿಗೆ ಹತ್ತಿರದ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿಯ ಯುಪಿಐ ವಹಿವಾಟು ಹಿಡಿದು 29 ಲಕ್ಷದ ನೋಟಿಸು ಬಂದಿತ್ತು. ಊರಲ್ಲೇ ಇದ್ದ ಅವರಿಗೆ ನೋಟಿಸು ಕೈಗೆ ಸಿಕ್ಕಿತು, ಊರು ಗದ್ದಲ ಮಾಡಿತು, ಸರಕಾರ ಮೆತ್ತಗಾಯಿತು. ಊರು ಬಿಟ್ಟವನಿಗೆ ನೋಟಿಸು ಪೋರ್ಟಲಿನಲ್ಲಿ ಬಂದು ಕೂರುತ್ತದೆ, ಅಲ್ಲಿ ಬಂದರೆ ತಲುಪಿದಂತೆಯೇ ಲೆಕ್ಕ. ಬಂದ್ ಆದ ನಂಬರಿನ ಖಾತೆಯನ್ನು ಯಾರು ತೆರೆದು ನೋಡುತ್ತಾರೆ?

ಹಾಗಾಗಿ ಅನುಭವ ಇರುವ ಲೆಕ್ಕ ಬರೆಯುವವರು ಗಂಟು ಕಟ್ಟಿ ಹೊರಟವನಿಗೆ ಕೊನೆಯದಾಗಿ ಕೊಡುವ ಸಲಹೆ ತೆರಿಗೆಯದ್ದಲ್ಲ, ಮೊಬೈಲಿನದು. ‘ಹಳೇ ಸಿಮ್ ಒಗಿಬ್ಯಾಡ್ರಿ, ರೀಚಾರ್ಜ್ ಮಾಡಸ್ತಾ ಇರ್ರಿ. ಒಟಿಪಿ ಅದಕ್ಕ ಬರತೈತಿ.’